ಸೀಸೆಯೊಳಗಿನ ನೀಲಿ ಬೆಳಕು

ಶಿರಹಟ್ಟಿಯ ಮಂಜುಳಾ ಎಂ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾದಳು. ಗಂಡ ಹುಚ್ಚೀರಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಚ್ಚು ಮಾತಿನವನಲ್ಲ. ಆದರೆ ಹೆಂಡತಿ ಓದಿದ್ದು ಒಲೆಯ ಮುಂದೆ ಕರಗಿಹೋಗಬಾರದೆಂಬ ಹಟ ಅವಳಿಗಿಂತ ಅವನಿಗೇ ಜಾಸ್ತಿ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಗದಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಅವಕಾಶವಿದೆಯೆಂದು ಅವನೇ ವಿಚಾರಿಸಿಕೊಂಡು ಬಂದ. "ಬಸ್ಸು ಕೈಯಾಗಿದ್ಹಂಗ ಐತಿ. ಮನಿ ನಮ್ಮವ್ವ ನೋಡ್ಕೋತಾಳ. ನಿನಗೇನ್ ಧಾಡಿ? ಹೋಗು" ಎಂದ. ಹೀಗೆ ಮಂಜುಳಾ ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾದಳು.

ವಿಭಾಗದ ಮುಖ್ಯಸ್ಥರು ಯಮನೂರಪ್ಪ ಸರ್. ಅವರು ಹಿಡಿದಿದ್ದ ವಿಷಯ ಬಟ್ಟಲಿನ ಆಕಾರದ ಇಂಗಾಲದ ಅಣುಗಳು. ಇಂಗಾಲದ ಪರಮಾಣುಗಳು ಆರಾರು ಸೇರಿ ಉಂಗುರ ಕಟ್ಟಿ, ಉಂಗುರಕ್ಕೆ ಉಂಗುರ ಹೊಂದಿಕೊಂಡರೆ ಹಾಳೆಯಂತೆ ಚಪ್ಪಟೆಯಾಗಿ ಹರಡುತ್ತವೆ. ಆದರೆ ನಟ್ಟನಡುವೆ ಐದರ ಉಂಗುರವೊಂದು ಬಂದು, ಅದರ ಸುತ್ತ ಆರರ ಉಂಗುರಗಳು ಕೂತರೆ ಆ ಹಾಳೆ ಚಪ್ಪಟೆಯಾಗಿ ಉಳಿಯಲಾರದು. ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಮೊದಲ ದಿನ ಇದನ್ನು ಹೇಳುವಾಗ ಸರ್ ಮೇಜಿನ ಮೇಲೆ ಚಹಾ ಕಪ್ಪಿನ ಕೆಳಗಿಡುವ ಎರಡು ಬಸಿ ಇಟ್ಟುಕೊಂಡಿದ್ದರು.

"ನೋಡವಾ, ಭಾಂಡೆ ಅಂಗಡ್ಯಾಗ ಬಟ್ಟಲಾ ಹೆಂಗ್ ಇಟ್ಟಿರ್ತಾರ? ಒಂದರಾಗ ಒಂದು ಕೂಡ್ಸಿ ಇಟ್ಟಿರ್ತಾರ. ಕೆಲವು ಹರಳಿನ್ಯಾಗ ಈ ಅಣುಗಳೂ ಹಂಗ ಕುಂಡ್ರತಾವ. ಕೆಲವು ಹರಳಿನ್ಯಾಗ ಬೆನ್ನಿಗೆ ಬೆನ್ನು ಕೊಟ್ಟು ಕುಂಡ್ರತಾವ. ಕುಂಡ್ರೂ ರೀತಿ ಬದ್ಲಾತಂದ್ರ ಅವು ಸೂಸೋ ಬೆಳಕೂ ಬದ್ಲಾಗತೈತಿ. ನಿನ್ನ ಕೆಲಸ ಏನಪಾ ಅಂದ್ರ, ಬ್ಯಾರೆ ಬ್ಯಾರೆ ರೀತಿ ಹರಳು ಬೆಳಸೂದು, ಬೆಳಕು ನೋಡೂದು."

ಅಣುವಿನ ಪುಡಿ ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಬರುತ್ತಿತ್ತು. ಚಿಟಿಕೆಯಷ್ಟು ಮಸುಕು ಹಳದಿ ಪುಡಿ. ಅದನ್ನು ದ್ರಾವಕದಲ್ಲಿ ಕರಗಿಸಿ, ಹೆಬ್ಬೆರಳಿನಷ್ಟು ಗಾಜಿನ ಸೀಸೆಗಳಿಗೆ ಸುರಿದು, ಬಾಯಿಗೆ ಹಾಳೆ ಬಿಗಿದು, ಸೂಜಿಯಿಂದ ತೂತು ಮಾಡಿ, ಅಲುಗಾಡದ ಜಾಗದಲ್ಲಿಡಬೇಕು. ದ್ರಾವಕ ನಿಧಾನವಾಗಿ ಆರಿಹೋದಂತೆ ತಳದಲ್ಲಿ ಹರಳು ಮೂಡುತ್ತವೆ. ಮೂಡದೆಯೂ ಇರುತ್ತವೆ. ಅವಸರದವರಿಗೆ ಹೇಳಿದ ಕೆಲಸವಲ್ಲ. ಮಂಜುಳಾಗೆ ಅದು ಒಗ್ಗಿತು.

ಜೊತೆಗಿದ್ದವಳು ರುಹಿ. ಲಕ್ಷ್ಮೇಶ್ವರದ ಟೇಲರ್ ನಜೀರಸಾಬರ ಮಗಳು, ಅದೇ ಕಾಲೇಜಿನಲ್ಲಿ ಎಂ.ಎಸ್ಸಿ. ಮಾಡಿ ಸಹಾಯಕಿಯಾಗಿ ಸೇರಿದ್ದಳು. ಸೀಸೆ ತೊಳೆದು ಒಣಗಿಸುವುದು, ತೂಕ ಮಾಡುವುದು ಅವಳ ಪಾಲಿನ ಕೆಲಸ. ಮುಂದೆ ತಾನೂ ಸಂಶೋಧನೆಗೆ ಹೆಸರು ಹಚ್ಚಬೇಕೆಂಬುದು ಅವಳ ಆಸೆ. ಲಕ್ಷ್ಮೇಶ್ವರದಲ್ಲಿ ಬಸ್ಸು ಹತ್ತಿದವಳು ಪಕ್ಕದ ಸೀಟಿನ ಮೇಲೆ ಚೀಲವಿಟ್ಟು, ಶಿರಹಟ್ಟಿ ಬರುವತನಕ ಎಲ್ಲರ ಕೂಡ ಜಗಳ ಕಾಯುತ್ತಿದ್ದಳು. ಮಂಜುಳಾ ಹತ್ತಿದೊಡನೆ, "ಜಲ್ದಿ ಬರ್ರಿ ಅಕ್ಕಾ, ಇಲ್ಲೊಬ್ಬ ಅಜ್ಜಾರು ನನ್ನ ತಿಂದ್ಬಿಡ್ತಾರ ಈಗ" ಎಂದು ಕೂಗುತ್ತಿದ್ದಳು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹಕ್ಕಿ ಬಂದ ಖಬರಿನಿಂದ ಹಿಡಿದು, ನಿನ್ನೆ ಸೀಸೆಯಲ್ಲಿ ಮೂಡಿದ ಸೂಜಿಯಂಥ ಹರಳಿನ ತನಕ ಇಬ್ಬರಿಗೂ ಮಾತು ಸಾಲುತ್ತಿರಲಿಲ್ಲ.

ನೀಲಿ ಬೆಳಕು ಕಂಡದ್ದು ದೀಪಾವಳಿ ಕಳೆದ ಮೇಲೆ. ಹೊಸ ದ್ರಾವಕದಲ್ಲಿ ಇಟ್ಟಿದ್ದ ಸೀಸೆಗಳನ್ನು ಮಂಜುಳಾ ಕಪ್ಪು ಪೆಟ್ಟಿಗೆಯೊಳಗಿಟ್ಟು ನೇರಳಾತೀತ ದೀಪ ಹಾಕಿದಳು. ಈವರೆಗಿನ ಹರಳುಗಳು ಮಂಕಾಗಿ, ಹಸಿರು ಮಿಶ್ರಿತ ಹಳದಿಯಾಗಿ ಮಿನುಗುತ್ತಿದ್ದವು. ಇವು ಹಾಗಲ್ಲ. ಸೀಸೆಯ ತಳದಲ್ಲಿ ತಿಳಿ ನೀಲಿ ಬೆಂಕಿ ಹೊತ್ತಿಕೊಂಡಂತೆ ಉರಿದವು. ಅವಳ ಕೂಗಿಗೆ ರುಹಿ ಓಡಿಬಂದಳು, ಸರ್ ಓಡಿಬಂದರು. "ಅಣು ಬ್ಯಾರೆ ರೀತಿ ಕುಂತಾವ! ಬಟ್ಟಲದಾಗ ಬಟ್ಟಲ ಇಲ್ಲ ಇಲ್ಲೆ, ಅದಕ್ಕ ಬೆಳಕು ಆರಿಲ್ಲ!" ಎಂದು ಸರ್ ಕನ್ನಡಕ ತೆಗೆದು ಹಾಕಿ ಮಾಡಿದರು. ಎಷ್ಟೋ ವರ್ಷದಿಂದ ಅವರು ಆ ಮಾತು ಹೇಳಲು ಕಾದಿದ್ದರು.

ಅಣುಗಳು ಹೇಗೆ ಕೂತಿವೆಯೆಂದು ಖಚಿತಪಡಿಸುವ ಎಕ್ಸ್-ರೇ ಪರೀಕ್ಷೆ ಬೆಂಗಳೂರಿನಲ್ಲೇ ಆಗಬೇಕೆಂದು ಹರಳುಗಳನ್ನು ಅಲ್ಲಿಗೆ ಕಳಿಸಿದರು. ಅದಕ್ಕೆ ಸರದಿಯಿತ್ತು. ಸರ್‌ಗೆ ಅಷ್ಟು ತಾಳ್ಮೆ ಉಳಿಯಲಿಲ್ಲ. ಧಾರವಾಡದ ವಿಚಾರ ಸಂಕಿರಣದಲ್ಲಿ ಚಿತ್ರ ತೋರಿಸಿ ಮಾತಾಡಿದರು. ಸುದ್ದಿ ಪತ್ರಿಕೆಗೆ ಬಂತು. ಕಾಲೇಜಿನಲ್ಲಿ ಮಂಜುಳಾಗೆ ಶಾಲು ಹೊದಿಸಿದರು. ಹುಚ್ಚೀರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಉಗುರಿನ ಸಂದಿಯ ಗ್ರೀಸು ಕಾಣಬಾರದೆಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಓಣಿಯವರು ಮನೆಗೆ ಬಂದು, "ಬೆಳಕಿನ ಹರಳು ಮಾಡ್ಯಾಳಂತ ನಮ್ಮ ಮಂಜುಳಾ" ಎಂದು ಹೇಳಿ ಚಹಾ ಕುಡಿದು ಹೋದರು.

ಮತ್ತೆ ಅಂಥ ಹರಳು ಬೆಳೆಯಲಿಲ್ಲ. ಅದೇ ಪುಡಿ, ಅದೇ ದ್ರಾವಕ, ಅದೇ ಜಾಗ. ಹರಳು ಬರುತ್ತಿದ್ದವು, ನೀಲಿ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ರುಹಿ ಊಟಕ್ಕೆ ಹೋಗಿದ್ದಾಗ ಮಂಜುಳಾ ಕಪ್ಪು ಪೆಟ್ಟಿಗೆಯ ಪರದೆ ಸರಿಸಿ, ದೀಪ ಹಚ್ಚಿ, ಸೀಸೆ ಸರಿಪಡಿಸಲು ಕೈ ಒಳಗಿಟ್ಟಳು. ಸೀಸೆ ಬೆಳಗಲಿಲ್ಲ. ಅವಳ ಬಿಳಿ ಏಪ್ರನ್ನಿನ ತೋಳು ಬೆಳಗಿತು. ತಿಳಿ ನೀಲಿ, ಅದೇ ನೀಲಿ.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಎಲ್ಲವೂ ಒಂದರ ಹಿಂದೊಂದು ನೆನಪಾಯಿತು. ಆ ಸೀಸೆಗಳನ್ನು ತೊಳೆದ ದಿನ ರುಹಿ ರಜೆ ಹಾಕಿದ್ದಳು. ಮುಂಡರಗಿಯ ಸೋದರಮಾವನ ಮನೆಯಲ್ಲಿ ನಿಶ್ಚಯ ಕಾರ್ಯವಿತ್ತು. ಪ್ರಯೋಗಾಲಯದ ಸಾಬೂನು ತೀರಿತ್ತು. ಹಳದಿಗಟ್ಟಿದ್ದ ಏಪ್ರನ್ ಒಗೆಯಲೆಂದು ಮಂಜುಳಾ ಪೇಟೆಯಲ್ಲಿ ಹೊಸ ಬಟ್ಟೆಪುಡಿ ಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದಳು. ಅದನ್ನೇ ಒಡೆದು ಸೀಸೆ ತೊಳೆದಳು, ಉಳಿದದ್ದರಲ್ಲಿ ಆಮೇಲೆ ಏಪ್ರನ್ ಒಗೆದಿದ್ದಳು. ಬಟ್ಟೆ ಬೆಳ್ಳಗೆ ಹೊಳೆಯಲೆಂದು ಇಂಥ ಪುಡಿಗಳಲ್ಲಿ ನೇರಳಾತೀತ ಬೆಳಕನ್ನು ನುಂಗಿ ನೀಲಿಯಾಗಿ ಉಗುಳುವ ಬಣ್ಣ ಸೇರಿಸಿರುತ್ತಾರೆ. ಇದು ರಸಾಯನಶಾಸ್ತ್ರ ಓದಿದವರಿಗೆ ಗೊತ್ತಿರದ ಸಂಗತಿಯಲ್ಲ. ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸಬೇಕಿತ್ತು. ಬಸ್ಸಿಗೆ ತಡವಾಗುತ್ತಿತ್ತು. ನಲ್ಲಿಯ ನೀರು ಹಿಡಿದು, ಬೋರಲು ಹಾಕಿ ಓಡಿದ್ದಳು.

ಅಂದೇ ಒಂದು ಸೀಸೆಯನ್ನು ಪುಡಿಯಲ್ಲಿ ತೊಳೆದು, ಅರೆಬರೆ ಜಾಲಾಡಿಸಿ, ಬರೀ ದ್ರಾವಕ ಹಾಕಿ ಆರಲು ಬಿಟ್ಟಳು. ಮರುದಿನ ದೀಪ ಹಚ್ಚಿ ನೋಡಿದಳು. ಅಣುವಿಲ್ಲ, ಹರಳಿಲ್ಲ, ತಳದಲ್ಲಿ ನೀಲಿ ಮಾತ್ರ ಇತ್ತು. ಆ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಒಡೆದ ಗಾಜಿನ ಡಬ್ಬಿಗೆ ಹಾಕಿದಳು. ಬೆಂಗಳೂರಿನವರು ಏನು ಹೇಳುತ್ತಾರೋ ನೋಡೋಣ, ನನ್ನದೇ ತಪ್ಪೆಂದು ಯಾಕೆ ತಿಳಿಯಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬೆಂಗಳೂರಿನವರು ಫೋನು ಮಾಡಿದರು. ಹರಳಿನೊಳಗೆ ಅಣುಗಳು ಹಳೆಯ ರೀತಿಯಲ್ಲೇ, ಬಟ್ಟಲೊಳಗೆ ಬಟ್ಟಲಾಗಿ ಕೂತಿವೆ. ಹರಳನ್ನು ತೊಳೆದರೆ ನೀಲಿ ತೊಳೆದ ನೀರಿಗೆ ಬರುತ್ತದೆ. ನಿಮ್ಮ ಸೀಸೆಗಳಲ್ಲಿ ಬಟ್ಟೆಪುಡಿ ಉಳಿದಿತ್ತೇ?

ಯಮನೂರಪ್ಪ ಸರ್ ಎಲ್ಲರನ್ನೂ ಕೋಣೆಗೆ ಕರೆದರು. ಉಳಿದ ಅಧ್ಯಾಪಕರೂ ಇದ್ದರು. ಸರ್ ಮುಖ ಒಂದೇ ದಿನಕ್ಕೆ ಇಳಿದುಹೋಗಿತ್ತು.

"ಸೀಸೆ ತೊಳದವ್ರು ಯಾರು?"

ಎಲ್ಲರ ಕಣ್ಣೂ ರುಹಿಯ ಕಡೆ ತಿರುಗಿದವು. ತೊಳೆಯುವುದು ಅವಳ ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು. ಯಾವ ಸೀಸೆ ಯಾವ ದಿನದ್ದೆಂದು ಅವಳಿಗೆ ಹೇಗೆ ನೆನಪಿರಬೇಕು? ಅವಳು ಎದ್ದು ನಿಂತಳು.

"ನಾನ ಇರಬೇಕು ಸರ್. ತೊಳಿಯೋದು ನನ್ನ ಕೆಲಸ ಅಲ್ಲೇನ್ರಿ."

"ಇರಬೇಕು ಅಂದ್ರ? ಬಟ್ಟಿ ಒಗಿಯೋ ಪುಡಿ ಹಾಕಿ ತೊಳದಿ ಏನು? ಎಂ.ಎಸ್ಸಿ. ಓದೀ ಇಲ್ಲೋ? ನಾ ಧಾರವಾಡದಾಗ ಅಷ್ಟ ಮಂದಿ ಮುಂದ ನಿಂತು ಮಾತಾಡಿ ಬಂದೇನಿ. ಈಗ ನಾ ಯಾವ ಮಾರಿ ತೋರಿಸ್ಲಿ?"

ಮಂಜುಳಾ ರುಹಿಯ ಪಕ್ಕದಲ್ಲೇ ಇದ್ದಳು. ಹುಡುಗಿಯ ಓಢಣಿಯ ತುದಿ ಅವಳ ಮೊಣಕೈಗೆ ತಾಗುತ್ತಿತ್ತು. ಬಾಯಿ ತೆರೆದಳು ಕೂಡ. ಎದುರಿನ ಗೋಡೆಯ ಮೇಲೆ ಶಾಲು ಹೊದ್ದು ನಿಂತ ತನ್ನ ಫೋಟೊ ಇತ್ತು. ಈಗ ಹೇಳಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಆ ಯೋಚನೆಯಲ್ಲಿ ಒಂದು ಉಸಿರಿನಷ್ಟು ಹೊತ್ತು ಹೋಯಿತು. ಅಷ್ಟರಲ್ಲಿ ಸರ್, "ಹೋಗ್ರಿ ಎಲ್ಲಾರೂ" ಎಂದರು. ಎಲ್ಲರೂ ಎದ್ದರು. ಅವಳೂ ಎದ್ದಳು.

ಮರುದಿನ ಬಸ್ಸು ಶಿರಹಟ್ಟಿಗೆ ಬಂದಾಗ ರುಹಿ ಇರಲಾರಳೆಂದೇ ಮಂಜುಳಾ ಹತ್ತಿದಳು. ರುಹಿ ಇದ್ದಳು. ಪಕ್ಕದ ಸೀಟಿನ ಮೇಲೆ ಚೀಲವೂ ಇತ್ತು. ಕಣ್ಣು ಊದಿದ್ದವು. ಚೀಲ ತೆಗೆದು ಜಾಗ ಕೊಟ್ಟು, ರುಹಿ ಕಿಟಕಿಯ ಕಡೆಯೇ ನೋಡುತ್ತ ಹೇಳಿದಳು.

"ಅಕ್ಕಾ, ನಾ ಹೆಂಗ್ ಹಂಗ್ ಮಾಡಿದ್ನೋ ನನಗ ತಿಳೀವಲ್ದು. ಎಷ್ಟು ನೆನಸ್ಕೊಂಡ್ರೂ ನೆನಪಾಗವಲ್ದು. ನಂದ್ ಹೋಗ್ಲಿ, ನಿಮ್ಮ ಹೆಸರು ಕೆಡಿಸಿಬಿಟ್ಟೆ. ನಿಮ್ಮ ಮನಿಯವ್ರು ಎಷ್ಟ್ ಖುಷಿಲೆ ಬಂದಿದ್ರು ಅವತ್ತು. ನನ್ನ ಮಾಫ್ ಮಾಡ್ರಿ ಅಕ್ಕಾ."

ಮಂಜುಳಾಗೆ ನಿಜ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಹೊರಬಿದ್ದ ಮಾತು ಬೇರೆಯೇ.

"ಇರ್ಲಿ ಬಿಡು ರುಹಿ. ಆಗಿದ್ದು ಆತು."

ರುಹಿ ಅವಳ ಕೈ ಹಿಡಿದುಕೊಂಡಳು. ಗದಗ ಬರುವತನಕ ಬಿಡಲಿಲ್ಲ. ತನ್ನ ತಪ್ಪಿಗೆ ಆ ಹುಡುಗಿಯನ್ನು ತಾನೇ ಕ್ಷಮಿಸಿದ್ದಳು! ಆ ಬೆಚ್ಚನೆಯ ಅಂಗೈ ತನ್ನ ಕೈಯೊಳಗಿದ್ದಷ್ಟು ಹೊತ್ತು ಮಂಜುಳಾಗೆ ಬಸ್ಸಿನಿಂದ ಜಿಗಿದುಬಿಡಬೇಕೆನಿಸಿತು. ಕಾಲೇಜು ಮುಟ್ಟಿದವಳೇ ನಲ್ಲಿಯ ಕೆಳಗೆ ಮುಖವಿಟ್ಟು ನಿಂತಳು. ನಾಚಿಕೆಯ ಉರಿ ನೀರಿಗೆ ಆರಲಿಲ್ಲ.

ವಾರ ಕಳೆಯುವುದರೊಳಗೆ ರುಹಿ ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಮುಂಡರಗಿಯ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದಳೆಂದೂ, ಮಾವನ ಮನೆಯಲ್ಲಿದ್ದಾಳೆಂದೂ ಆಮೇಲೆ ತಿಳಿಯಿತು. ಮಂಜುಳಾ ಕೆಲಸ ಮುಂದುವರಿಸಿದಳು. ಸೀಸೆಗಳನ್ನು ಈಗ ತಾನೇ ತೊಳೆಯುತ್ತಿದ್ದಳು. ಅದನ್ನು ನೋಡಿ ಸರ್, "ನೀ ಇದ್ದೀ ಅಂತ ನಡದೈತಿ ನೋಡು" ಎಂದರು. ಆ ಹೊಗಳಿಕೆಗೆ ಅವಳು ತಲೆ ತಗ್ಗಿಸಿದ್ದನ್ನು ಅವರು ವಿನಯವೆಂದು ತಿಳಿದರು.

ಮನೆಯಲ್ಲಿ ಮಂಜುಳಾಳ ಊಟ ಕಡಿಮೆಯಾಯಿತು. ಮಗಳ ಮೇಲೆ ಸುಮ್ಮಸುಮ್ಮನೆ ರೇಗತೊಡಗಿದಳು. ಒಂದು ಭಾನುವಾರ ಹುಚ್ಚೀರಪ್ಪ ಅಂಗಳದಲ್ಲಿ ಸ್ಕೂಟರ್ ಬಿಚ್ಚಿಕೊಂಡು ಕೂತಿದ್ದ. ಮಂಜುಳಾ ಚಹಾ ತಂದು ಪಕ್ಕದಲ್ಲಿಟ್ಟು ಅಲ್ಲಿಯೇ ಕುಕ್ಕರಿಸಿದಳು. ಎಲ್ಲವನ್ನೂ ಹೇಳಿದಳು. ಅವನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಡದೆ ಕೇಳಿದ.

"ಆ ಹುಡಿಗಿ ನಿನಗ ಮಾಫಿ ಕೇಳಿತು?"

"ಹೂಂ."

"ನೀ ಇರ್ಲಿ ಬಿಡು ಅಂದಿ?"

"ಹೂಂ ರೀ."

ಅವನು ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡ. ಆಮೇಲೆ, "ನನ್ನ ಮುಂದ ಹೇಳಿದ್ರ ನಿನಗಷ್ಟ ಹಗೂರ ಆಗತೈತಿ ಮಂಜು. ಆಕಿಗೇನಾತು?" ಎಂದು ಮತ್ತೆ ಕೆಲಸಕ್ಕೆ ಬಗ್ಗಿದ. ಬೈದಿದ್ದರೆ ಒಳ್ಳೆಯದಿತ್ತು.

ಸೋಮವಾರ ಮಂಜುಳಾ ಯಮನೂರಪ್ಪ ಸರ್ ಕೋಣೆಗೆ ಹೋದಳು. ನಿಂತುಕೊಂಡೇ ಹೇಳಿದಳು. ಏಪ್ರನ್ನಿನ ತೋಳು, ಒಡೆದ ಗಾಜಿನ ಡಬ್ಬಿಗೆ ಹಾಕಿದ ಸೀಸೆ, ಯಾವುದನ್ನೂ ಬಿಡಲಿಲ್ಲ. ಸರ್ ಮೊದಲು ಸಿಟ್ಟಾದರು. ಮೇಜು ಗುದ್ದಿದರು. ಸ್ವಲ್ಪ ಹೊತ್ತಿಗೆ ಸಿಟ್ಟು ತಾನಾಗಿಯೇ ಇಳಿಯಿತು.

"ಹರಳು ಒಮ್ಮೆ ತೊಳದು ನೋಡ್ರಿ ಅಂತ ನಾ ಹೇಳಬೇಕಿತ್ತು, ಧಾರವಾಡಕ್ಕ ಹೋಗೂಕಿಂತ ಮೊದ್ಲ. ಹೇಳ್ಲಿಲ್ಲ. ಆಕಿ ಮ್ಯಾಲೆ ಹಾಕಿ ಕೈ ತೊಳಕೊಂಡೆ. ಈಗ ಏನ್ ಮಾಡಬೇಕಂತೀ?"

"ನಾ ಆಕಿ ಕಡೆ ಹೊಂಟೇನಿ ಸರ್. ಉಳಿದದ್ದು ನಿಮಗ ಬಿಟ್ಟದ್ದು."

ಮರುದಿನ ಬೆಳಿಗ್ಗೆ ಅವಳು, ಶಾಲೆ ಯಾವುದೆಂದು ಕೇಳಿಕೊಳ್ಳಲು, ಮೊದಲು ಲಕ್ಷ್ಮೇಶ್ವರದ ರುಹಿಯ ಮನೆಗೆ ಹೋದಳು. ಬಾಗಿಲಲ್ಲಿ ರುಹಿಯ ತಾಯಿ ರಮಜಾನಬಿ ಎದುರಾದಳು. ಹೆಸರು ಕೇಳಿದ ಕೂಡಲೇ ಮುಖ ಅರಳಿತು.

"ಅಯ್ಯ ಬರ್ರಿ, ಬರ್ರಿ! ನೀವ ಅಲ್ಲೇನ್ರಿ ಮಂಜುಳಕ್ಕಾರು? ಎಲ್ಲಾರೂ ಬೈದ್ರ ನೀವೊಬ್ರ ಬೈಲಿಲ್ಲಂತ ಹೇಳತಿತ್ತು ನಮ್ಮ ಹುಡಿಗಿ. ಕುಂಡ್ರಿ, ಚಾ ಮಾಡ್ತೇನಿ."

ಬೇಡವೆಂದರೂ ಕೇಳದೆ ಒಳಗೆ ಹೋದಳು. ಅಲ್ಲಿಂದಲೇ ಮಾತು. "ಏನಾತೋ ಏನೋ ಅಕ್ಕಾರ, ರಜಾಕ್ಕ ಬಂದಾಗ ನೋಡ್ತೇನಿ, ಒಂದ್ ಕಪ್ಪು ತೊಳಿಯಾಕ ಹತ್ತಿದ್ರ ಬಿಡವಲ್ದು. ಬೆಳಕಿಗೆ ಹಿಡೀತೈತಿ, ಮತ್ತ ತೊಳೀತೈತಿ. 'ಸಾಕು ಬಿಡ ಬೇಟಾ' ಅಂದ್ರ, 'ನನ್ನ ಕೈ ಸರಿ ಇಲ್ಲಮ್ಮಾ' ಅಂತೈತಿ."

ರಮಜಾನಬಿ ತಂದುಕೊಟ್ಟ ಚಹಾವನ್ನು ಮಂಜುಳಾ ಕೆಳಗಿಟ್ಟಳು. "ಅಮ್ಮಾ, ಆಕಿ ಕೈ ಸರಿ ಐತ್ರಿ. ತಪ್ಪು ನಂದು" ಎಂದಳು. ಹೇಳಿ ಮುಗಿಸುವಾಗ ಮಷೀನಿನ ಮುಂದೆ ಕೂತಿದ್ದ ನಜೀರಸಾಬರೂ ಒಳಗೆ ಬಂದು ನಿಂತಿದ್ದರು. ರಮಜಾನಬಿ ಅಳಲಿಲ್ಲ, ಬೈಯಲೂ ಇಲ್ಲ. ಗಂಡನ ಕಡೆ ನೋಡಿ ಉರ್ದುವಿನಲ್ಲಿ, "ನೀವೂ ಬೈದಿರಲ್ಲ ಅವಳಿಗೆ" ಎಂದಷ್ಟೇ ಹೇಳಿದಳು. ನಜೀರಸಾಬರು ಕುತ್ತಿಗೆಯಲ್ಲಿದ್ದ ಅಳತೆಪಟ್ಟಿ ತೆಗೆದು ಕೈಗೆ ಸುತ್ತಿಕೊಳ್ಳುತ್ತ, "ಮುಂಡರಗಿ ಬಸ್ಸಿನ ಹೊತ್ತಾತು, ಹೋಗ್ರಿ. ಆಕಿಗೆ ಮೊದ್ಲ ಹೇಳಬೇಕಿತ್ತು ನೀವು" ಎಂದರು.

ಮುಂಡರಗಿಯ ಶಾಲೆಯಲ್ಲಿ ಮಕ್ಕಳನ್ನು ಊಟಕ್ಕೆ ಬಿಟ್ಟಿದ್ದರು. ಬೇವಿನ ಮರದ ಕೆಳಗೆ ರುಹಿ ಹುಡುಗಿಯರ ಸಾಲು ಸರಿಮಾಡುತ್ತಿದ್ದಳು. ಮಂಜುಳಾಳನ್ನು ಕಂಡು, "ಅಕ್ಕಾ!" ಎಂದು ಓಡಿಬಂದಳು. ಆ ನಗೆ ಆರುವ ಮೊದಲೇ ಮಂಜುಳಾ ಹೇಳಿಬಿಟ್ಟಳು. ಇಲ್ಲವಾದರೆ ಮತ್ತೆ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ರುಹಿ ಕೇಳಿದಳು. ಕೇಳುತ್ತ ಕೇಳುತ್ತ ಒಂದು ಹೆಜ್ಜೆ ಹಿಂದೆ ಸರಿದಳು.

"ಅವತ್ತ ಬಸ್ಸಿನ್ಯಾಗ ನಾ ಮಾಫಿ ಕೇಳಿದ್ನಲ್ಲ, ಅವಾಗ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಖರೇನ?"

"ಖರೇನ ರುಹಿ."

"ನಾ ನಿಮ್ಮ ಕೈ ಹಿಡಕೊಂಡಿದ್ದೆ."

ಶಾಲೆಯ ಗಂಟೆ ಹೊಡೆಯಿತು. ರುಹಿ ಕಣ್ಣೊರೆಸಿಕೊಂಡು, "ನನ್ನ ಕ್ಲಾಸ್ ಐತ್ರಿ" ಎಂದು ಹೊರಟವಳು ಮೆಟ್ಟಿಲ ಹತ್ತಿರ ತಿರುಗಿದಳು. "ನನಗ ಬೈದಿದ್ದು ಎಲ್ಲಾರ ಮುಂದ. ಇಲ್ಲಿ ಮರದ ಕೆಳಗ ಬಂದು ಹೇಳಿದ್ರ ಆಗೂದಿಲ್ಲ, ಮೇಡಂ."

ಅವಳ ಬಾಯಲ್ಲಿ ಮೇಡಂ ಎಂಬ ಮಾತು ಅದೇ ಮೊದಲು. ಮಂಜುಳಾ ಬಿಸಿಲಿನಲ್ಲಿ ನಿಲ್ದಾಣದ ತನಕ ನಡೆದೇ ಹೋದಳು. ಹಗುರವಾಗಿದೆಯೇ ಎಂದು ತನ್ನೊಳಗೆ ಹುಡುಕಿದಳು. ಆಗಿರಲಿಲ್ಲ. ಆದರೆ ಮುಂದಿನ ಕೆಲಸವೇನೆಂಬುದು ಈಗ ಗೊತ್ತಿತ್ತು.

ಅದಾದ ಮೇಲಿನ ಶನಿವಾರ ಅದೇ ಕೋಣೆಯಲ್ಲಿ ಅದೇ ಜನ ಸೇರಿದರು. ಸರ್ ಫೋನಿನಲ್ಲಿ ತಾವೇ ಕರೆದಿದ್ದರಿಂದ ರುಹಿ ತಂದೆಯೊಡನೆ ಬಂದಿದ್ದಳು. ಮಂಜುಳಾ ಎದ್ದು ನಿಂತು ಹೇಳಿದಳು. ನಡುವೆ ಮಾತು ತಪ್ಪಿತು, ಮತ್ತೆ ಮೊದಲಿನಿಂದ ಹೇಳಿದಳು. ಯಾರೂ ನೆರವಿಗೆ ಬರಲಿಲ್ಲ. ಬರಬಾರದಿತ್ತು ಕೂಡ. ಅವಳ ನಂತರ ಯಮನೂರಪ್ಪ ಸರ್ ಎದ್ದು, ನಜೀರಸಾಬರ ಕಡೆ ತಿರುಗಿ ಕೈ ಮುಗಿದರು. ಧಾರವಾಡದವರಿಗೆ ತಪ್ಪಾಗಿದೆಯೆಂದು ತಿಳಿಸಿದ್ದನ್ನೂ, ಪತ್ರಿಕೆಯವರಿಗೂ ಹೇಳಿದ್ದನ್ನೂ ಅಲ್ಲೇ ಹೇಳಿದರು. "ರುಹಿ, ನೀ ಒಪ್ಪಿದ್ರ, ಈ ಹರಳಿನ ಖರೆ ಬೆಳಕು ಏನೈತಿ ಅನ್ನೂದು ನೀನ ಅಳತಿ ಮಾಡು" ಎಂದರು.

ರುಹಿ ಶಾಲೆಯ ವರ್ಷ ಮುಗಿಸಿ ಬಂದಳು. ಹರಳುಗಳನ್ನು ಹೊಸದಾಗಿ ಬೆಳೆಸಿ, ತೊಳೆದು, ಬೆಳಕನ್ನು ಅಳೆದಳು. ಬಟ್ಟಲುಗಳು ಒಂದರೊಳಗೊಂದು ಕೂತು ಕಂಬಗಳಂತೆ ಸಾಲಾಗಿದ್ದವು. ಹಾಗೆ ಒತ್ತಾಗಿ ಕೂತಿದ್ದರಿಂದಲೇ ಅವುಗಳ ಬೆಳಕು ಮಂಕಾಗಿ, ಹಳದಿಯ ಕಡೆ ಸರಿದಿತ್ತು. ಯಾರೂ ಶಾಲು ಹೊದಿಸುವಂಥ ಫಲಿತಾಂಶವಲ್ಲ. ಪ್ರಬಂಧ ಸಣ್ಣದಾಗಿ ಪ್ರಕಟವಾಯಿತು, ರುಹಿಯ ಹೆಸರು ಮೊದಲು. ತನ್ನ ಹೆಸರು ಬೇಡವೆಂದು ಮಂಜುಳಾ ಹೇಳಿದ್ದಳು. ರುಹಿಯೇ, "ಮೊದಲಿನ ಹರಳು ಬೆಳಸಿದ್ದು ಅವ್ರು. ಇರಬೇಕು" ಎಂದು ಸರ್‌ಗೆ ಹೇಳಿ ಸೇರಿಸಿದಳು. ಮಂಜುಳಾಗೆ ನೇರವಾಗಿ ಹೇಳಲಿಲ್ಲ. ಈಗ ರುಹಿ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕೆಲಸದ ವಿಷಯವಿದ್ದರೆ ಫೋನು ಮಾಡುತ್ತಾಳೆ, ಅಷ್ಟೇ.

ಮಂಜುಳಾ ಡಾಕ್ಟರೇಟ್ ಮುಗಿಸಿ ಈಗ ಪಾಠ ಹೇಳುತ್ತಾಳೆ. ಕಳೆದ ಫೆಬ್ರುವರಿಯಲ್ಲಿ ಶಿರಹಟ್ಟಿಯ ಶಾಲೆಯೊಂದರ ವಿಜ್ಞಾನ ದಿನಕ್ಕೆ ಅವಳನ್ನು ಅತಿಥಿಯಾಗಿ ಕರೆದಿದ್ದರು. ಪರಿಚಯ ಮಾಡಿಕೊಟ್ಟ ಶಿಕ್ಷಕರು, "ನೀಲಿ ಬೆಳಕಿನ ಹರಳನ್ನು ಕಂಡುಹಿಡಿದ ನಮ್ಮೂರಿನ ಮಗಳು" ಎಂದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಮಂಜುಳಾಳ ಕಿವಿಯ ತುದಿ ಬಿಸಿಯಾಯಿತು. ಮೈಕಿನ ಮುಂದೆ ಬಂದು ನಿಂತಳು.

"ಸರ್ ಈಗ ಹೇಳಿದ್ದು ಖರೆ ಅಲ್ಲ. ಆ ನೀಲಿ ಬೆಳಕು ಹರಳಿಂದಲ್ಲ, ಬಟ್ಟಿ ಒಗಿಯೋ ಪುಡೀದು. ಸೀಸೆ ಸರಿಯಾಗಿ ತೊಳೀದ ಬಿಟ್ಟಾಕಿ ನಾನು. ಅದಕ್ಕ ಬೈಸ್ಕೊಂಡಾಕಿ ಬ್ಯಾರೆ ಹುಡಿಗಿ. ಆಕಿ ಹೆಸರು ರುಹಿ."

ಚಪ್ಪಾಳೆ ನಿಂತಿತು. ಶಿಕ್ಷಕರು ಕುರ್ಚಿಯಲ್ಲಿ ಅಲುಗಾಡಿದರು. ಮಕ್ಕಳು ಮುಂದೇನೆಂದು ನೋಡುತ್ತಿದ್ದರು. ಮಂಜುಳಾ ಒಂದು ಗುಟುಕು ನೀರು ಕುಡಿದು, ರುಹಿ ಅಳೆದ ಮಂಕು ಹಳದಿ ಬೆಳಕಿನ ವಿಷಯ ಹೇಳತೊಡಗಿದಳು.